ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಒಮ್ಮೆ ಅವರ ಪೆನ್ಷನ್ ಫೈಲ್ ತೆಗೆದು ನೋಡಿ

ನಮ್ಮ ಬೀದಿಯ ಮಿಲಿಟ್ರಿ ಅಂಕಲ್ ಹೋದ ತಿಂಗಳು ತೀರಿಕೊಂಡರು. ಅವತ್ತಿಂದ ಎಲ್ಲರ ಬಾಯಲ್ಲೂ ಅವರ ಸೈನ್ಯದ ಮಾತೇ. ಹೇಳಬೇಕಾದ ಮಾತೇ ಅದು, ಇಲ್ಲ ಅನ್ನಲ್ಲ. ಆದರೆ 2003ರಲ್ಲಿ ನಿವೃತ್ತರಾಗಿ ದಾವಣಗೆರೆಗೆ ಬಂದ ಮೇಲೆ ಅವರು ಬದುಕಿದ ರೀತಿ ಇದೆಯಲ್ಲ, ನನಗೆ ಅದು ಇನ್ನೂ ದೊಡ್ಡದು.

ಅವರ ಅಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು, ಅಂಥ ಮನೆಗಳ ಎಷ್ಟೋ ಹುಡುಗರು ಹಮಾಲಿ ಕೆಲಸಕ್ಕೆ ಹೋದರು, ಕೆಲವರು ಸೈನ್ಯಕ್ಕೆ. ಅಂಕಲ್ ಬೆಂಗಳೂರಿನ ಹಲಸೂರಿಗೆ ಹೋಗಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. 1780ರಿಂದ ಇರುವ ಪಡೆ. ಸೇತುವೆ ಕಟ್ಟೋದು, ದಾರಿ ಮಾಡೋದು, ಮೈನ್ ಅಂದರೆ ನೆಲಬಾಂಬ್ ಹೂಳೋದು, ತೆಗೆಯೋದು ಇವರ ಕೆಲಸ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಗಡಿಗೆ ಸೈನ್ಯ ಹೋಯಿತಲ್ಲ, ಆಪರೇಷನ್ ಪರಾಕ್ರಮ್, ಆಗ ಅವರು ರಾಜಸ್ಥಾನದಲ್ಲಿದ್ದರು. ಯುದ್ಧ ಆಗಲೇ ಇಲ್ಲ. ಆದರೂ ಗಡಿಯಲ್ಲಿ ಮೈನುಗಳನ್ನು ಹೂಳುವಾಗ, ತೆಗೆಯುವಾಗ ಎಷ್ಟೋ ಯೋಧರು ಕೈಕಾಲು ಕಳಕೊಂಡರು, ಪ್ರಾಣವನ್ನೂ ಕಳಕೊಂಡರು. ಅಂಕಲ್ ಈ ಬಗ್ಗೆ ಜಾಸ್ತಿ ಮಾತಾಡುತ್ತಿರಲಿಲ್ಲ. "ಹೂತಾಗ ಬರೆದಿಟ್ಟ ಲೆಕ್ಕ ಸರಿ ಇದ್ರೆ ತೆಗೆಯೋನು ಉಳೀತಾನೆ ಕಣಪ್ಪ" ಅಂತಿದ್ದರು, ಅಷ್ಟೇ.

ಸಿಪಾಯಿಗಳು 40ರ ಆಚೀಚೆಗೇ ಮನೆಗೆ ಬರುತ್ತಾರೆ. ಮಕ್ಕಳಿನ್ನೂ ಪ್ರೈಮರಿ ಸ್ಕೂಲು. ಪೆನ್ಷನ್ ಬರುತ್ತಲ್ಲ, ಕ್ಯಾಂಟೀನ್ ಇದೆಯಲ್ಲ ಅನ್ನುವವರು ಇದನ್ನು ಯೋಚಿಸೋದೇ ಇಲ್ಲ. ಅಂಕಲ್ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಡ್ಯೂಟಿ ಮುಗಿಸಿ ಬಂದು ಆಂಟಿ ಜೊತೆ ರೊಟ್ಟಿ ತಟ್ಟೋಕೂ ಕೂರುತ್ತಿದ್ದರು.

ಚರ್ಚಿನಲ್ಲಿ ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ನಡೆದೇ ಹೋಗುತ್ತಿದ್ದರು. ಪೂಜೆ ಮುಗಿದ ಮೇಲೆ ಚರ್ಚ್ ಕಾಂಪೌಂಡಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ರೆಕ್ಸಿನ್ ಚೀಲ. ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯಿಂದ ಮಾಜಿ ಸೈನಿಕರು, ಅವರ ಹೆಂಡಂದಿರು ಕಾಗದಪತ್ರ ಹಿಡಿದು ಅಲ್ಲಿಗೇ ಬರುತ್ತಿದ್ದರು. ಹೆಚ್ಚಿನವರಿಗೆ ಚರ್ಚಿಗೂ ತಮಗೂ ಸಂಬಂಧವೇ ಇಲ್ಲ. ಇದೇ ಅವರ ಭಕ್ತಿ ಅಂತ ನಾನು ನಂಬಿದ್ದೀನಿ.

ಜಗಳೂರು ಕಡೆಯ ಒಬ್ಬ ಅಜ್ಜಿ ನೆನಪಿದ್ದಾರೆ. ಗಂಡ ಹೋಗಿ ವರ್ಷ ಕಳೆದರೂ ಫ್ಯಾಮಿಲಿ ಪೆನ್ಷನ್ ಶುರುವಾಗಿಲ್ಲ. ಸೈನ್ಯ ಬಿಡುವಾಗ ಗಂಡನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಅಜ್ಜಿಯ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯವರು ಇಟ್ಟ ಹೆಸರು. ಅಂಕಲ್ ಮಡಿಚಿ ಹರಿದುಹೋಗಿದ್ದ ಆ ಪುಸ್ತಕವನ್ನು ತೊಡೆ ಮೇಲೆ ಹರವಿಕೊಂಡು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದರು. "ಅಳಬ್ಯಾಡ್ರಿ ಅವ್ವಾ, ಇದು ಆಗೋ ಕೆಲಸನೇ" ಅಂದರು. ಅಫಿಡವಿಟ್ ಮಾಡಿಸಿ, ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಪತ್ರದ ಮೇಲೆ ಪತ್ರ ಬರೆದು, ತಿಂಗಳುಗಟ್ಟಲೆ ಬೆನ್ನು ಹತ್ತಿದರು. ಕೊನೆಗೆ ದುಡ್ಡು ಬಂತು. ಅಜ್ಜಿ ಖುಷಿಯಿಂದ ಹೊತ್ತು ತಂದ ಶೇಂಗಾವನ್ನು ಅಂಕಲ್ ಅಲ್ಲೇ ಇದ್ದವರಿಗೆಲ್ಲ ಹಂಚಿಸಿದರು, ಒಂದು ರೂಪಾಯಿ ಮುಟ್ಟಲಿಲ್ಲ.

ಆಗಸ್ಟ್ 15ಕ್ಕೆ ಶಾಲು ಹೊದಿಸಿ, ಸಂತೋಷ. ಆದರೆ ದೇಶಕ್ಕೆ ದುಡಿದವನ ಹೆಂಡತಿಗೆ ನ್ಯಾಯವಾಗಿ ಬರಬೇಕಾದ ದುಡ್ಡು ಯಾರೋ ಒಬ್ಬರ ಒಳ್ಳೇತನ ನಂಬಿಕೊಂಡು ಕೂರಬಾರದು. ಈಗ ಪೆನ್ಷನ್ ಎಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಒಳ್ಳೆಯದೇ. ಆದರೆ ಪಾಸ್‌ವರ್ಡ್, ಓಟಿಪಿ ಅಂದರೆ 70 ದಾಟಿದ ಹವಾಲ್ದಾರ್ ಏನು ಮಾಡಬೇಕು? ಪ್ರತಿ ತಾಲೂಕಿನಲ್ಲೂ ವಾರಕ್ಕೊಂದು ದಿನ, ಗೊತ್ತಿರುವ ಒಬ್ಬರು ಕೂತು ಇದನ್ನೆಲ್ಲ ನೋಡಲೇಬೇಕು. ಇದು ಜಾಸ್ತಿ ಕೇಳಿದ ಹಾಗೆ ಆಯಿತಾ?

ಅಲ್ಲಿಯವರೆಗೆ ನೀವೇ ಮಾಡಿ. ಅಪ್ಪನ ಪಿಪಿಓ, ಅಂದರೆ ಪೆನ್ಷನ್ ಮಂಜೂರಾದ ಆದೇಶಪತ್ರ ತೆಗೆಯಿರಿ. ಅಮ್ಮನ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತಾ ನೋಡಿ. ಇಲ್ಲ ಅಂದರೆ ಅಪ್ಪ ಇರುವಾಗಲೇ ತಿದ್ದಿಸಿ, ಆಮೇಲೆ ಬಹಳ ಕಷ್ಟ. ಪೆನ್ಷನ್ ಖಾತೆ ಇಬ್ಬರ ಹೆಸರಿಗೂ ಇರಲಿ. ಬದುಕಿದ್ದೀವಿ ಅಂತ ವರ್ಷಕ್ಕೊಮ್ಮೆ ಕೊಡುವ ಜೀವನ್ ಪ್ರಮಾಣ ತಪ್ಪಿಸಬೇಡಿ.

ಈ ಭಾನುವಾರದಿಂದ ಪೂಜೆ ಆದ ಮೇಲೆ ಅಂಕಲ್ ಅವರ ದೊಡ್ಡ ಮಗಳು ಮತ್ತು ನಾನು ಅದೇ ಕಾಂಪೌಂಡಿನಲ್ಲಿ ಕೂರುತ್ತೀವಿ. ಪಿಪಿಓ, ಡಿಸ್ಚಾರ್ಜ್ ಬುಕ್, ಇಬ್ಬರ ಆಧಾರ್, ಪಾಸ್‌ಬುಕ್, ಎಲ್ಲದರ ಎರಡೆರಡು ಜೆರಾಕ್ಸ್ ತನ್ನಿ. ಆಧಾರ್‌ಗೆ ಲಿಂಕ್ ಆಗಿರುವ ಮೊಬೈಲ್ ಮರೀಬೇಡಿ.