ಗಾಡಿ ಬ್ಯಾಡ್ರಿ, ಎತ್ತಾಕ ಒಂದ್ ಆಳ್ ಕೊಡ್ರಿ

ನಿನ್ನೆ ನಮ್ಮ ಮನೆಗೆ ಮೂರನೇ ವೀಲ್‌ಚೇರ್ ಬಂತು. ಮೊದಲನೆಯದು ಇನ್ನೂ ಗಟ್ಟಿಯಾಗಿದೆ. ಎರಡನೆಯದನ್ನು ಪ್ಲಾಸ್ಟಿಕ್ ಹಾಳೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ನಾವು ಈ ಸಲ ಅರ್ಜಿ ಕೊಟ್ಟಿದ್ದು ವೀಲ್‌ಚೇರಿಗೆ ಅಲ್ಲವೇ ಅಲ್ಲ, ಆರೈಕೆದಾರರ ಭತ್ಯೆಗೆ. ಫೋನ್ ಬಂತು, ಫಲಾನುಭವಿಯನ್ನು ಕರೆದುಕೊಂಡೇ ಬರಬೇಕು ಅಂದರು. ಅದೇ ಇರಬೇಕು ಅಂದುಕೊಂಡು ಆಫೀಸಿಗೆ ರಜೆ ಹಾಕಿ, ತಮ್ಮನನ್ನು ಇಬ್ಬರು ಸೇರಿ ಎತ್ತಿ ಗಾಡಿಯಲ್ಲಿ ಕೂಡಿಸಿ, ಹುಬ್ಬಳ್ಳಿಯ ನವನಗರದಿಂದ ಧಾರವಾಡಕ್ಕೆ ಹೋದೆವು. ಶಾಮಿಯಾನದ ಕೆಳಗೆ ಎರಡೂವರೆ ತಾಸು. ಹೆಸರು ಕರೆದರು, ಫೋಟೊ ತೆಗೆದರು, ವೀಲ್‌ಚೇರ್ ಕೊಟ್ಟರು. ಭತ್ಯೆಯ ಬಗ್ಗೆ ಕೇಳಿದರೆ, ಅದು ಬೇರೆ ಟೇಬಲ್ ಮೇಡಂ, ಅವರು ಇವತ್ತು ಬಂದಿಲ್ಲ ಅಂದರು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ವಾಕರ್ ಹಿಡಿದು ನಿಂತಿದ್ದಳು. ನೋಡಿ ಅಂದಳು: "ಮತ್ತ ಗಾಡಿ ತಂದ್ರೇನು? ಗಾಡಿ ಬ್ಯಾಡ್ರಿ, ಎತ್ತಾಕ ಒಂದ್ ಆಳ್ ಕೊಡ್ರಿ ಅನ್ನಬೇಕಿತ್ತಿಲ್ಲವಾ."

ನಾನು ಅಲ್ಲಿ ಅನ್ನಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಮ್ಮನ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ಮಿದುಳಿಗಾದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಈಗ 39 ವರ್ಷ, 56 ಕಿಲೋ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎತ್ತಬೇಕು. ಅನ್ನವನ್ನು ಮೆತ್ತಗೆ ಕಿವುಚಿ, ಅವನನ್ನು ನೆಟ್ಟಗೆ ಕೂಡಿಸಿಯೇ ಉಣ್ಣಿಸಬೇಕು. ರಾತ್ರಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹಾಸಿಗೆ ಹುಣ್ಣು ಆಗುತ್ತದೆ. ಇಷ್ಟು ವರ್ಷದಲ್ಲಿ ಒಂದು ಹುಣ್ಣೂ ಆಗಿಲ್ಲ, ಯಾಕೆಂದರೆ ಅವ್ವ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ.

ಈ ಪಂಚಮಿಗೆ ಉಂಡಿ ಕಟ್ಟುವ ದಿನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು. 71 ವರ್ಷ. ಆಪರೇಷನ್ ಖರ್ಚನ್ನು ವಿಮೆಯವರು ಕೊಟ್ಟರು, ಅದಕ್ಕೆ ನಾನು ಋಣಿ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಎಲ್ಲ ಕೈಗಳೂ ನಿಂತುಹೋದವು. ಒಳಗೆ ನರ್ಸ್, ವಾರ್ಡ್‌ಬಾಯ್, ಆಯಾ, ಎಲ್ಲದಕ್ಕೂ ಬಿಲ್ ಇತ್ತು, ಬಿಲ್ಲಿಗೆ ದುಡ್ಡೂ ಇತ್ತು. ಅದೇ ಕೆಲಸ ಮನೆಯಲ್ಲಿ ನಡೆದರೆ ಯಾರ ಲೆಕ್ಕದಲ್ಲೂ ಇಲ್ಲ. ತಮ್ಮನಿಗೆ ಇಂಥವರಿಗಾಗಿಯೇ ಇರುವ ಕೇಂದ್ರದ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಔಷಧ, ಥೆರಪಿಗೆ ಅದು ನಿಜಕ್ಕೂ ಉಪಯೋಗ, ಇಲ್ಲದವರು ಮಾಡಿಸಿಕೊಳ್ಳಿ. ಆದರೆ ಎತ್ತುವವರ ಪಗಾರ ಅದರಲ್ಲಿ ಬರುವುದಿಲ್ಲ.

ಒಂದು ಏಜೆನ್ಸಿ ಹಿಡಿದೆವು. ಹಗಲು 12 ತಾಸಿಗೆ ದಿನಕ್ಕೆ 800, ತಿಂಗಳಿಗೆ 24,000. ಅಡ್ವಾನ್ಸ್ ಬೇರೆ. ಐದು ವಾರದಲ್ಲಿ ನಾಲ್ಕು ಜನರನ್ನು ಬದಲಿಸಿದರು. ಮೊದಲು ಬಂದವನು ತಮ್ಮನನ್ನು ಮಲಗಿಸಿಕೊಂಡೇ ಗಂಜಿ ಕುಡಿಸಲು ಹೋಗಿ ನೆತ್ತಿಗೇರಿ, ಅವನ ಮುಖ ನೀಲಿಗಟ್ಟಿತು. ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಯಾರೂ ಏನೂ ಕಲಿಸಿಯೇ ಇರಲಿಲ್ಲ, ಸುಮ್ನೆ ವಿಳಾಸ ಕೊಟ್ಟು ಕಳಿಸಿದ್ದರು. ನಾಲ್ಕನೆಯವನು ಕಲಘಟಗಿ ಕಡೆಯ ಹುಡುಗ, ಕೆಲಸವನ್ನು ಅವ್ವನಿಂದ ಕಲಿತ, ನಿಂತ. ಒಂದು ದಿನ ಚಹಾ ಕುಡಿಯುವಾಗ ಹೇಳಿದ: ನಾವು ಕೊಡುವ 24,000ದಲ್ಲಿ ಅವನ ಕೈಗೆ ಬರುವುದು 15,000. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ಸರಕಾರದ ಕಡೆಯ ಲೆಕ್ಕ. ಶೇ 75ಕ್ಕಿಂತ ಜಾಸ್ತಿ ಅಂಗವೈಕಲ್ಯ ಅಂತ ತಮ್ಮನಿಗೆ ತಿಂಗಳಿಗೆ 1,400 ಮಾಸಾಶನ ಬರುತ್ತದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ಅಂತ ಹೇಳಿದರು. ಆ ದಿನ ಅವ್ವನಿಗೆ ಪೇಪರ್ ಓದಿ ಹೇಳಿದ್ದೆ, ಎಷ್ಟು ಖುಷಿಪಟ್ಟಿದ್ದಳು! ಅವಳ ಕೆಲಸಕ್ಕೆ ಒಂದು ಹೆಸರು ಬಂತಲ್ಲ ಅಂತ. ಎರಡೂ ಕೈಗೆ ಬಂದರೆ 2,400. ತಿಂಗಳಲ್ಲಿ ಮೂರು ದಿನದ ಹಗಲು ಪಾಳಿ. ಉಳಿದ ಇಪ್ಪತ್ತೇಳು ಹಗಲು, ಮೂವತ್ತು ರಾತ್ರಿ?

ಕಾನೂನಿನಲ್ಲಿ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲಿ ಆರೈಕೆದಾರರ ಭತ್ಯೆಯ ಮಾತು ಇದೆ. 38ನೇ ಕಲಮಿನ ಪ್ರಕಾರ, ಹೆಚ್ಚಿನ ಬೆಂಬಲ ಬೇಕಾದವರು ಅರ್ಜಿ ಕೊಡಬಹುದು, ಮಂಡಳಿಯೊಂದು ನೋಡಿ ಎಷ್ಟು ಬೆಂಬಲ ಬೇಕು ಅಂತ ಬರೆದುಕೊಡಬೇಕು. ಆದಾಯ ತೆರಿಗೆಯಲ್ಲಿ ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಕಡಿತ ಇದೆ (1961ರ ಕಾಯ್ದೆಯಲ್ಲಿ ಅದು 80ಡಿಡಿ ಕಲಮು), ಅಂಗವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000, ಅಣ್ಣ ತಮ್ಮ ಅಕ್ಕ ತಂಗಿ ನಿಮ್ಮನ್ನೇ ನಂಬಿದ್ದರೂ ಸಿಗುತ್ತದೆ. ಆದರೆ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಇಲ್ಲ, ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದ ಮನೆಗೆ ಅದರಿಂದ ಏನೂ ಇಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಅಂತಲೇ ಶೇ 5ರ ನಿಧಿ ಇದೆ. ನಾನು ಕಂಡಂತೆ ಅದು ತ್ರಿಚಕ್ರ ಗಾಡಿ, ಹೊಲಿಗೆ ಯಂತ್ರ ಅಂತ ವಸ್ತುವಾಗಿಯೇ ಬರುತ್ತದೆ. ವಸ್ತುವಿಗೆ ಬಿಲ್ ಇರುತ್ತದೆ, ಫೋಟೊ ಬರುತ್ತದೆ. ರಾತ್ರಿ ಎರಡು ಗಂಟೆಗೆ ಮಗ್ಗಲು ಬದಲಿಸುವುದರ ಫೋಟೊ ಯಾರು ತೆಗೆಯಬೇಕು?

ನಮ್ಮ ಕಾಕಾ ಒಬ್ಬರು ಹೇಳುತ್ತಾರೆ, ಮನೆಯವರನ್ನು ಮನೆಯವರೇ ನೋಡಿಕೊಳ್ಳಬೇಕವಾ, ಎಲ್ಲದಕ್ಕೂ ಸರಕಾರ ಅಂದರೆ ಹೆಂಗ, ದುಡ್ಡು ಕೊಟ್ಟರೆ ಸುಳ್ಳು ಅರ್ಜಿ ಹಾಕುವವರೂ ಹುಟ್ಟುತ್ತಾರೆ ಅಂತ. ಕಾಕಾ, ಸಿಟ್ಟಾಗಬೇಡಿ. ಮನೆಯವರು ಅಂದರೆ ಯಾರು? ಸೊಂಟಕ್ಕೆ ರಾಡ್ ಹಾಕಿಸಿಕೊಂಡ ಅವ್ವನಾ? ನಾನು ನೌಕರಿ ಬಿಟ್ಟರೆ 24,000 ಎಲ್ಲಿಂದ ತರಲಿ? ಸುಳ್ಳು ಅರ್ಜಿಯ ಮಾತಿಗೆ, ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಇದೆ, ಹಳ್ಳಿಯಲ್ಲಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಿಗೆ ಮನೆಮನೆಯೂ ಗೊತ್ತು. ಒಂದು ಸಲ ಬಂದು ನಮ್ಮ ಮನೆಯಲ್ಲಿ ಒಂದು ರಾತ್ರಿ ಇದ್ದು ಹೋಗಿ, ಆಮೇಲೆ ಮಾತಾಡೋಣ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಅವ್ವ ಬಿದ್ದ ದಿನ, ಬಚ್ಚಲಿಂದ ಅವಳು ಕೂಗಿದಾಗ, ನನಗೆ ಮೊದಲು ಹೊಳೆದದ್ದು ಅವಳ ನೋವು ಅಲ್ಲ. ಇನ್ನು ತಮ್ಮನನ್ನು ಎತ್ತುವವರು ಯಾರು ಅಂತ. ಅವ್ವನಿಗೆ ಅದು ನನ್ನ ಮುಖದಲ್ಲೇ ಕಂಡಿತು ಅನಿಸುತ್ತದೆ. ನೆಲದ ಮೇಲೆ ಬಿದ್ದುಕೊಂಡೇ "ಅವಂಗ ಮೊದಲ ಊಟಾ ಮಾಡಸು" ಅಂದಳು. ಇಷ್ಟು ವರ್ಷ ಆ ಕೆಲಸಕ್ಕೆ ನಾನೂ ಲೆಕ್ಕ ಹಾಕಿರಲಿಲ್ಲ, ಅವ್ವ ಮಾಡುತ್ತಾಳೆ ಅಂತ ಬಿಟ್ಟಿದ್ದೆ.

ಸೋಮವಾರ ಮತ್ತೆ ಧಾರವಾಡಕ್ಕೆ ಹೋಗುತ್ತೇನೆ. ಈ ಸಲ 38ನೇ ಕಲಮು ಅಂತಲೇ ಬರೆದು ಅರ್ಜಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬರುತ್ತೇನೆ. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಇದ್ದರೆ ಜೊತೆಗೆ ಬನ್ನಿ, ಅರ್ಜಿ ನಾನೇ ಬರೆದುಕೊಡುತ್ತೇನೆ.

ಮತ್ತೆ, ರಾತ್ರಿ ಪಾಳಿಗೆ ಒಬ್ಬ ಹುಡುಗ ಬೇಕು. ಎತ್ತುವಷ್ಟು ಕಸುವು ಇದ್ದರೆ ಸಾಕು, ಉಳಿದದ್ದನ್ನು ಅವ್ವ ಕಲಿಸುತ್ತಾಳೆ. ಪಗಾರ ಪೂರ್ತಿ ಅವನ ಕೈಗೇ. ಅಟ್ಟದ ಮೇಲಿನ ವೀಲ್‌ಚೇರ್ ಯಾರಿಗೆ ಬೇಕೋ ಹೇಳಿ, ಒಂದು ದಿನವೂ ಬಳಸಿಲ್ಲ.