ಸ್ಥಳೀಯರಿಗಾಗಿ, ಸ್ಥಳೀಯರನ್ನು ಬಿಟ್ಟು

ನಗರಾಡಳಿತಕ್ಕೆ ಕೊನೆಗೂ ಸ್ಥಳೀಯರ ಮೇಲೆ ಪ್ರೀತಿ ಉಕ್ಕಿದೆ. ‘ಎಲ್ಲರನ್ನೂ ಒಳಗೊಂಡ, ಸುಸ್ಥಿರ, ಸ್ಥಳೀಯ ಆರ್ಥಿಕ ಅಭಿವೃದ್ಧಿ’ಗೆ ಒಂದು ಯೋಜನೆ ಬೇಕಂತೆ. ಅದನ್ನು ಬರೆದುಕೊಡಲು ಟೆಂಡರ್ ಕರೆದಿದ್ದಾರೆ. ಮೊದಲ ಷರತ್ತು: ಇಂಥದ್ದೇ ಯೋಜನೆಯನ್ನು ಕನಿಷ್ಠ ಮೂರು ದೇಶಗಳಲ್ಲಿ ಮಾಡಿರಬೇಕು. ಅಲ್ಲಿಗೆ ಸ್ಥಳೀಯರ ಕಾಟ ತಪ್ಪಿತು.

ಅವಸರವೇನೂ ಇಲ್ಲ ಬಿಡಿ. ನಗರಗಳ ಬದುಕಿನ ಬಗ್ಗೆ ವಿಶ್ವಸಂಸ್ಥೆ 1976ರಲ್ಲಿ ವ್ಯಾಂಕೂವರ್‌ನಲ್ಲಿ, 1996ರಲ್ಲಿ ಇಸ್ತಾಂಬುಲ್‌ನಲ್ಲಿ, 2016ರಲ್ಲಿ ಈಕ್ವೆಡಾರ್‌ನ ಕೀಟೊದಲ್ಲಿ ಸಮ್ಮೇಳನ ನಡೆಸಿತು. ಇಪ್ಪತ್ತು ವರ್ಷಕ್ಕೊಮ್ಮೆ! ಕೀಟೊದ ದಾಖಲೆಯಲ್ಲಿ 175 ಪ್ಯಾರಾಗಳಿವೆ. ಅಸಂಘಟಿತ ಕೆಲಸಗಾರರ ಕೊಡುಗೆಯನ್ನು ಗುರುತಿಸುತ್ತೇವೆ ಅಂತ ಮಾತೂ ಕೊಟ್ಟಿದ್ದಾರೆ. ನಗರಾಡಳಿತ ಅವರನ್ನು ಚೆನ್ನಾಗಿಯೇ ಗುರುತಿಸುತ್ತದೆ. ತೆರವು ಕಾರ್ಯಾಚರಣೆಯ ದಿನ, ದೂರದಿಂದಲೇ.

ಅಸಲಿ ತಮಾಷೆ ಇರುವುದು ಖರೀದಿಯಲ್ಲಿ. ಶಾಲೆಗಳಿಗೆ ಬೆಂಚು ಬೇಕು. ಪಕ್ಕದ ಬೀದಿಯಲ್ಲೇ ಬಡಗಿಗಳಿದ್ದಾರೆ. ಆದರೆ ಬೆಂಚು, ಬಲ್ಬು, ಬಕೆಟ್ಟು, ಬಾಗಿಲು ಎಲ್ಲ ಸೇರಿ ಒಂದೇ ಪ್ಯಾಕೇಜು. ಪ್ಯಾಕೇಜು ದೊಡ್ಡದು, ಹಾಗಾಗಿ ಠೇವಣಿ ದೊಡ್ಡದು. ಠೇವಣಿ ದೊಡ್ಡದು, ಹಾಗಾಗಿ ಕಂಪನಿ ದೊಡ್ಡದು. ಕಂಪನಿ ಇನ್ನೊಬ್ಬರಿಗೆ ಉಪಗುತ್ತಿಗೆ ಕೊಡುತ್ತದೆ. ಅವರು ಮತ್ತೊಬ್ಬರಿಗೆ. ಇಳಿದು ಇಳಿದು ಕೊನೆಗೆ ಬೆಂಚು ಮಾಡುವುದು ಅದೇ ಬಡಗಿ. ಕೆಲಸ ಪೂರ್ತಿ ಕೆಳಗೆ ಬಂತು, ಕಾಸು ದಾರಿಯಲ್ಲೇ ಇಳಿದುಕೊಂಡಿತು. ಬಡಗಿಯನ್ನೂ ಒಳಗೊಂಡ ಹಾಗಾಯ್ತು, ಅಲ್ವಾ? ಇನ್ನು ಸುಸ್ಥಿರತೆ. ಬಿಲ್ ಪಾಸಾಗುವವರೆಗೆ ಅಂಗಡಿ ಮುಚ್ಚದೆ ಉಳಿದವನೇ ಸುಸ್ಥಿರ.

ಇಂಗ್ಲೆಂಡಿನ ಪ್ರೆಸ್ಟನ್‌ನವರಿಗೆ ಇಷ್ಟು ಜಾಣತನ ಹೊಳೆಯಲಿಲ್ಲ, ಪಾಪ. ಅಲ್ಲಿನ ದೊಡ್ಡ ಸಾರ್ವಜನಿಕ ಸಂಸ್ಥೆಗಳು ತಮ್ಮ ಖರೀದಿ ಲೆಕ್ಕ ಬಿಡಿಸಿ ಕೂತವು. 2012–13ರಲ್ಲಿ ಊರೊಳಗೆ ಖರ್ಚಾಗುತ್ತಿದ್ದುದು ಬರೀ ಶೇ 5. ದೊಡ್ಡ ಗುತ್ತಿಗೆಗಳನ್ನು ಒಡೆದು ಸಣ್ಣ ವ್ಯಾಪಾರಿಗಳ ಕೈಗೆ ಎಟುಕುವಂತೆ ಮಾಡತೊಡಗಿದರು. 2016–17ರ ಹೊತ್ತಿಗೆ ಅದು ಶೇ 18 ದಾಟಿತು. ಸುಮ್ನೆ ಹಳೇ ಬಿಲ್ ಓದಿ ಅಭಿವೃದ್ಧಿ ಮಾಡುವುದಾ! ಶಂಕುಸ್ಥಾಪನೆಗೆ ಕಲ್ಲಾದರೂ ಬೇಡವೇ?

ಬೆಂಚಿನ ಟೆಂಡರ್‌ಗೂ ಒಂದು ಪೂರ್ವಭಾವಿ ಸಭೆ ನಡೆಯಿತು. ಬಡಗಿಯೊಬ್ಬ ಎದ್ದು ನಿಂತ. “ಸಾರ್, ಬೆಂಚಿಗೆ ಮಾತ್ರ ಬೇರೆ ಟೆಂಡರ್ ಮಾಡಬಹುದಾ?” ಅಂದ.

“ಆಗಲಿ, ಹಿಂದೆ ಶಾಲೆಗಳಿಗೆ ಬೆಂಚು ಮಾಡಿಕೊಟ್ಟ ಅನುಭವ ಪತ್ರ ತಗೊಂಡು ಬನ್ನಿ” ಅಂದರು ಅಧಿಕಾರಿ.

ಹಿಂದಿನ ಬೆಂಚುಗಳನ್ನೆಲ್ಲ ಮಾಡಿದ್ದು ಅವನೇ. ಪತ್ರ ಮಾತ್ರ ಕಂಪನಿ ಹೆಸರಲ್ಲಿದೆ.