ನೀರು ಉಳಿದರೆ ದುಡ್ಡು ಉಳಿಯುತ್ತದಾ?

ಗದ್ದೆಯ ನೀರು ಅಳೆಯುವ ಸೆನ್ಸರ್ ಹಾಕಿ ಪಂಪ್ ತಾನೇ ಓಡುವಂತೆ ಮಾಡಿದರೆ ಭತ್ತ ಲಾಭಕ್ಕೆ ಬರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕರಾವಳಿಯ ನಮ್ಮ ಕುಮಟಾ ಕಡೆ ಲೆಕ್ಕ ಬೇರೆ. ಮಳೆಗಾಲದಲ್ಲಿ ಗದ್ದೆಯ ನೀರು ಹೊರಗೆ ಬಿಡುವುದೇ ಕೆಲಸ. ಉಳಿದದ್ದು ಬೇಸಿಗೆ ಬೆಳೆ. ಅದಕ್ಕೂ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಪುಕ್ಕಟೆ. ನೀರು ಉಳಿದರೆ ಬಾವಿಗೆ ಒಳ್ಳೆಯದು, ಸರಿ. ಜೇಬಿಗೆ ಏನು ಬಂತು? ನಮ್ಮ ದುಡ್ಡು ಜಾಸ್ತಿ ಹೋಗುವುದು ನಾಟಿ, ಕೊಯ್ಲಿನ ಕೂಲಿಗೆ. ಅದನ್ನು ಸೆನ್ಸರ್ ಕಡಿಮೆ ಮಾಡುವುದಿಲ್ಲ, ಅಲ್ವಾ? ತುಂಡು ತುಂಡು ಗದ್ದೆಗೆ ಒಂದೊಂದು ಸೆನ್ಸರ್ ಬೇರೆ!

ನೀರು ಉಳಿಸಲೇಬೇಕಾದರೆ ತೂತು ಕೊರೆದ ಪಿವಿಸಿ ಪೈಪನ್ನು ಗದ್ದೆಯಲ್ಲಿ ನೆಟ್ಟಗೆ ಹೂಳಿದರೆ ಸಾಕು. ಅದರೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಪಂಪ್ ಹಾಕಿ. ಹೂ ಬಿಡುವಾಗ ಮಾತ್ರ ಗದ್ದೆ ಒಣಗಬಾರದು. ಇನ್ನು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿಗೆ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಗೆ, ಬೇಕಾದದ್ದು ಉಪ್ಪುನೀರು ತಡೆಯುವ ಗಟ್ಟಿ ಕಟ್ಟೆ. ಸಬ್ಸಿಡಿ ಕೊಡುವುದಾದರೆ ಮೊದಲು ಅದಕ್ಕೆ ಕೊಡಲಿ.